ಗಟಾರದಲ್ಲಿ ಏರಿದ ಹಿಟ್ಟು

ಎಂ.ಕೆ. ಹುಬ್ಬಳ್ಳಿ
ಬುಧವಾರ, 22-1-2025

ನನ್ನ ಬಂಗಾರ ಪ್ರಜ್ಞಾ,

ಜೈಭೀಮ. ಹೇಗಿದ್ದೀಯವ್ವಾ? ಮೊದಲು ನಿನ್ನ ಕಾಲಿನದು ಹೇಳು. ಬೂಟು ಕಚ್ಚಿ ಹಿಮ್ಮಡಿಗೆ ಗುಳ್ಳೆ ಎದ್ದಿದ್ದವಲ್ಲ, ಒಣಗಿದವೋ ಇಲ್ಲವೋ? ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗು ಎಂದಿದ್ದೆ, ಹಚ್ಚಿದೆಯೋ ಹಾಗೇ ಬಿಟ್ಟೆಯೋ? ಬಂದೂಕು ಹೊಡೆಯುವಾಗ ಹೆಗಲಿಗೆ ಒದೆಯುತ್ತದೆ ಎಂದು ನೀನು ನಗುನಗುತ್ತ ಹೇಳಿದೆ. ಅಂದಿನಿಂದ ಇಲ್ಲಿ ನನ್ನ ಬಲ ಹೆಗಲು ಹಿಡಿದುಕೊಂಡಿದೆ. ಟಿವಿಯಲ್ಲಿ ಉತ್ತರದ ಕಡೆಯ ಥಂಡಿ, ಮಂಜು ತೋರಿಸಿದರೆ ನಾನು ಚಾನಲ್ ಬದಲಿಸುತ್ತೇನೆ. ಬದಲಿಸಿದರೆ ನಿನಗೆ ಅಲ್ಲಿ ಬೆಚ್ಚಗಾಗುತ್ತದೇನು, ಇಲ್ಲ, ಆದರೂ ಬದಲಿಸುತ್ತೇನೆ. ಒಳಗೆ ಎರಡು ಬನಿಯನ್ ಹಾಕಿಕೊ. ಸಾಹೇಬರು ಬೈದರೆ ನಮ್ಮವ್ವ ಹಾಕಿಕೊ ಅಂದಾಳ ಎಂದು ಹೇಳು.

ಈ ಪತ್ರ ಪೋಸ್ಟಿಗೆ ಹಾಕುವುದಿಲ್ಲ. ಹಾಕಿದರೆ ಶನಿವಾರದ ನಿನ್ನ ಪೊಲೀಸ್ ಟ್ರೇನಿಂಗಿನ ಕೊನೆಯ ಪರೇಡ್ ಮುಗಿದ ಮೇಲೆ ಮುಟ್ಟುತ್ತದೆ. ಫೋನನ್ನು ನಿಮಗೆ ರವಿವಾರ ಬಿಟ್ಟು ಬೇರೆ ದಿನ ಕೊಡುವುದಿಲ್ಲ. ಅದಕ್ಕೆ ಕೈಯಲ್ಲೇ ತಂದು ನಿಮ್ಮ ಗೇಟಿನಿಂದ ಒಳಗೆ ಕಳಿಸುತ್ತೇನೆ. ಮೊದಲು ಇದನ್ನು ಓದು, ಆಮೇಲೆ ನನ್ನ ಮುಖ ನೋಡು. ಎದುರಿಗೆ ನಿಂತರೆ ನನಗೆ ಮಾತು ಬರುವುದಿಲ್ಲ, ಬರೀ ಅಳು ಬರುತ್ತದೆ. ಅಕ್ಷರ ಸೊಟ್ಟ ಇವೆ ಎಂದು ನಗಬೇಡ. ಐದನೆಯ ಇಯತ್ತೆಯಲ್ಲಿ ಅರ್ಧಕ್ಕೆ ಬಿಡಿಸಿ ಕಳೆ ತೆಗೆಯಲು ಕಳಿಸಿದರು, ಮರುವರ್ಷ ಮತ್ತೆ ಸಾಲೆಗೆ ಹಾಕಿದರು, ಮತ್ತೆ ಬಿಡಿಸಿದರು. ನನ್ನ ಒತ್ತಕ್ಷರಗಳೆಲ್ಲ ಆ ಕಳೆಯ ಸಂಗಡವೇ ಹೋದವು.

ರವಿವಾರ ಫೋನಿನಲ್ಲಿ ನಿನಗೆ, "ನಿಮ್ಮಪ್ಪ ಮತ್ತ ಚಾಲೂ ಮಾಡ್ಯಾರ" ಎಂದೆನಲ್ಲ, ಅದು ಸುಳ್ಳು ಪ್ರಜ್ಞಾ. ಬೇಕೆಂದು ಹೇಳಿದ ಸುಳ್ಳಲ್ಲ. ಕಿವಿಯಿಂದ ಕೇಳಿ, ಕಣ್ಣಿಂದ ಕಂಡು, ಮೂಗಿನಿಂದ ಮೂಸಿ ಹೇಳಿದ್ದು. ಮೂರೂ ಕೂಡಿಯೇ ನನಗೆ ಮೋಸ ಮಾಡಿದವು. ಈಗ ನನಗೆ ನನ್ನ ಮೂಗಿನ ಮೇಲೂ ನಂಬಿಕೆ ಇಲ್ಲ. ಹಾಲು ಹೊತ್ತಿದ ವಾಸನೆ ಬಂದರೆ ಪಕ್ಕದ ಮನೆಯ ಬಾಯವ್ವನನ್ನು ಕರೆದು ಕೇಳುತ್ತೇನೆ, ಹೌದೇನು ನೋಡು ಎಂದು.

ನೀನು ಟ್ರೇನಿಂಗಿಗೆ ಹೋಗುವ ಮುಂಚೆ ಬುದ್ಧ ಪೂರ್ಣಿಮೆಯ ದಿನ ವಿಹಾರದಲ್ಲಿ ಪಂಚಶೀಲ ಹೇಳುವಾಗ ನಿಮ್ಮಪ್ಪನ ಕೈ ಹಿಡಿದುಕೊಂಡು ಕುಳಿತದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ನಾಲ್ಕು ಶೀಲ ಅವರು ತುಟಿಯಲ್ಲೇ ಹೇಳಿದರು. ಐದನೆಯದು, ಅಮಲಿನದು ಬಂದಾಗ ನೀನು, "ಅಪ್ಪಾ, ಇದನ್ನ ಜೋರಾಗಿ ಹೇಳು" ಎಂದೆ. ವಿಹಾರದ ಹೊರಗೆ ಚಪ್ಪಲಿ ಕಾಯುತ್ತಿದ್ದವರಿಗೂ ಕೇಳುವಂತೆ ಹೇಳಿದರು. "ನನ್ನ ಪರೇಡಿಗಿ ಬರಬೇಕಂದ್ರ ಬಾಯಾಗ ವಾಸನಿ ಇರಬಾರದು" ಎಂದು ನೀನು ಬೆರಳು ತೋರಿಸಿ ರೈಲು ಹತ್ತಿದೆ. ಅಂದಿನಿಂದ ಪೇಂಟ್ ಕೆಲಸ ಮುಗಿಸಿ ಬಂದವರು ಹೊಸ್ತಿಲಲ್ಲಿ ನಿಂತು, ನಾನು ಕೇಳುವ ಮೊದಲೇ, "ಹಾ" ಎಂದು ಬಾಯಿ ತೆರೆಯುತ್ತಾರೆ, ಸಾಲೆಗೆ ಡಾಕ್ಟರು ಬಂದಾಗ ಮಕ್ಕಳು ತೆರೆದ ಹಾಗೆ. ನಾನು ಮೂಸಿ ನೋಡಿ ಒಳಗೆ ಬಿಡುತ್ತೇನೆ. ಬಾಯವ್ವ ಅದನ್ನು ತನ್ನ ಕಟ್ಟೆಯ ಮೇಲೆ ಕುಳಿತು ನೋಡಿ, "ಏನವಾ ಪದ್ಮಾ, ಇವತ್ತ ಪಾಸೋ ನಪಾಸೋ?" ಎಂದು ಕೂಗುತ್ತಾಳೆ. ಇಷ್ಟು ದಿನವೂ ಪಾಸೇ ಆಗಿದ್ದರು.

ಸಂಕ್ರಾಂತಿಯ ಹಿಂದು ಮುಂದು ಮನೆಯಲ್ಲಿ ಒಂದು ಹುಳಿ ವಾಸನೆ ಶುರುವಾಯಿತು. ಮೊದಲು ಸಕ್ಕರೆ ಫ್ಯಾಕ್ಟರಿಯದೇ ಎಂದುಕೊಂಡೆ. ಕಬ್ಬಿನ ಹಂಗಾಮಿನಲ್ಲಿ ನಮ್ಮ ಊರು ಕಾಕಂಬಿ ವಾಸನೆಯಲ್ಲೇ ಏಳುತ್ತದೆ, ಕಾಕಂಬಿ ವಾಸನೆಯಲ್ಲೇ ಮಲಗುತ್ತದೆ. ಆದರೆ ಇದು ಗಾಳಿಯ ಕಡೆಯಿಂದ ಬರುತ್ತಿರಲಿಲ್ಲ. ಪೇಂಟ್ ಡಬ್ಬಿ, ಬ್ರಷ್ ಇಡುವ ಹಿತ್ತಲ ಕೋಣೆಯಿಂದ ಬರುತ್ತಿತ್ತು. ಆ ಕೋಣೆಗೆ ನಿಮ್ಮಪ್ಪ ಎಂದೂ ಹಾಕದ ಕೀಲಿ ಹಾಕಿದ್ದರು. ಬಾಯವ್ವನ ಮುಂದೆ ಹೇಳಿದೆ, ಹೇಳಬಾರದಿತ್ತು. "ನೋಡವಾ, ಗಂಡಸರ ಖೋಲಿಗಿ ಕೀಲಿ ಬಿತ್ತಂದ್ರ ಒಳಗ ಬಾಟ್ಲಿ ಇರಬೇಕ, ಇಲ್ಲಾ ಒಬ್ಬಾಕಿ ಇರಬೇಕ. ನಿನ್ನ ಗಂಡನ ಮಾರಿಗಿ ಒಬ್ಬಾಕಿ ಅಂತೂ ಬರಂಗಿಲ್ಲ" ಎಂದಳು. ಅಂಗಿ ಒಗೆಯಲು ತೆಗೆದರೆ ಜೇಬಿನಲ್ಲಿ ಹರಿದ ಪಾಕೀಟಿನ ಚೂರು. ಮೂಸಿದೆ, ಅದೇ ವಾಸನೆ. ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು, ನನಗೆಲ್ಲಿ ಓದಲು ಬರುತ್ತದೆ. ಈಗ ಸೆರೆ ಬರುವುದೇ ಪಾಕೀಟಿನಲ್ಲಿ ಎಂದಷ್ಟೇ ನನಗೆ ಗೊತ್ತು.

ಇವೆರಡನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ರವಿವಾರ ಮುಂಜಾನೆ ಹಿತ್ತಲಲ್ಲಿ ನಿಂತು ಬಾಳುವಿನ ಸಂಗಡ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಬಾಳು ಎಂದರೆ ಗೊತ್ತಲ್ಲ, ಮೊದಲು ನಿಮ್ಮಪ್ಪನ ಜೊತೆ ಕುಡಿದು ಒಂದೇ ಗಟಾರದ ಅಂಚಿಗೆ ಒರಗಿದವನು. ಈಗ ಕಿತ್ತೂರಿನ ಒಂದು ಬೇಕರಿಯಲ್ಲಿ ಕೆಲಸಕ್ಕಿದ್ದಾನಂತೆ, ಅದು ನನಗೆ ಆಗ ಗೊತ್ತಿರಲಿಲ್ಲ. ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳಿದ್ದನ್ನು ಹಾಗೇ ಬರೆಯುತ್ತೇನೆ, ನೀನೇ ತೀರ್ಪು ಕೊಡು. "ಇನ್ನೂ ಏರವಲ್ದೋ ಬಾಳ್ಯಾ. ಒಂದ ಪಾಕೀಟ ಪೂರಾ ಹಾಕೇನಿ... ನಿನ್ನಿ ಏರಿತ್ತು, ಆದ್ರ ಭಾಳ ಹೊತ್ತ ನಿಲ್ಲಲಿಲ್ಲ, ಇಳದಬಿಡ್ತು... ಥಂಡಿಗಿ ಏರಂಗಿಲ್ಲಂತೀಯೇನ? ಹಂಗಾರ ಬಿಸಲಾಗ ಕುಂಡ್ರಸ್ತೇನಿ... ಏ, ಪದ್ಮಾಗ ಗೊತ್ತಾಗಬಾರದ ನೋಡ ಮತ್ತ." ನಮ್ಮ ಕಡೆ 'ಏರೈತಿ' ಎಂದರೆ ಮತ್ತೇನು ಏರುತ್ತದೆ ಹೇಳವ್ವಾ? ಇಷ್ಟು ವರ್ಷ ಸಂಸಾರದಲ್ಲಿ ಏರಿದ್ದು ಅದೊಂದೇ, ಇಳಿದದ್ದೂ ಅದೊಂದೇ. ಕರೆದು, "ಬಾಯಿ ತೆಗೀರಿ" ಎಂದೆ. "ಹಾ" ಎಂದರು. ಬಾಯಲ್ಲಿಯೂ ಹುಳಿ ವಾಸನೆ ಇತ್ತು. ಅಷ್ಟರಲ್ಲಿ ನಿನ್ನ ಫೋನ್ ಬಂತು. ನಾನು ನಿನ್ನ ಊಟ ಕೇಳಲಿಲ್ಲ, ಕಾಲು ಕೇಳಲಿಲ್ಲ, ಇದನ್ನೇ ಹೇಳಿದೆ. ನೀನು, "ಅಪ್ಪಗ ಬರಬ್ಯಾಡಂತ ಹೇಳವಾ. ನೀ ಒಬ್ಬಾಕಿನ ಬಾ" ಎಂದು ಫೋನ್ ಇಟ್ಟೆ. ನಿನ್ನ ತಪ್ಪೇನೂ ಇಲ್ಲ. ಕಿಡಿ ಹಚ್ಚಿದವಳು ನಾನು.

ಸೋಮವಾರ ಹೊತ್ತೇರಿದ ಮೇಲೆ ನಿಮ್ಮಪ್ಪ ಕೆಲಸಕ್ಕೆ ಹೋಗದೆ, "ಪ್ಯಾಟಿಗಿ ಹೋಗಿ ಬರತೇನಿ" ಎಂದು ಹೋದರು. ನಾನು ಬಾಯವ್ವನನ್ನು ಕರೆದುಕೊಂಡು ಹಿತ್ತಲಿಗೆ ಹೋದೆ. ಅಲ್ಲಿ ಬಿಸಿಲಿಗೆ ನಿನ್ನ ತೊಟ್ಟಿಲ ಕೌದಿ ಹೊದ್ದುಕೊಂಡು ಏನೋ ಕುಳಿತಿತ್ತು! ನಿನ್ನ ಕೌದಿ ಪ್ರಜ್ಞಾ, ನಾನು ಬಾಣಂತನದಲ್ಲಿ ನನ್ನ ಹಳೆಯ ಸೀರೆ ಹರಿದು ಹೊಲಿದದ್ದು. ಕೈ ಇಟ್ಟರೆ ಜ್ವರ ಬಂದ ಕೂಸಿನ ಮೈಯಂತೆ ಬೆಚ್ಚಗೆ. ಕೆಳಗೆ ನಮ್ಮ ದೊಡ್ಡ ಪಾತೇಲಿ. ಮುಚ್ಚಳ ಒಂದಿಷ್ಟು ಓರೆ ಮಾಡಿದೆನೋ ಇಲ್ಲವೋ, ಘಮ್ಮೆಂದು ಸೆರೆಯ ವಾಸನೆ ಮುಖಕ್ಕೆ ಹೊಡೆಯಿತು. ಪಟ್ಟನೆ ಮುಚ್ಚಿದೆ. "ಅಯ್ಯಯ್ಯ, ಕೊಳ್ಯಾಕ ಇಟ್ಟಾನಲ್ಲವಾ! ಕುಡ್ಯೂದ ಅಲ್ಲ, ಮನ್ಯಾಗ ಕಾಯಸಾಕ ನಿಂತಾನ!" ಎಂದು ಬಾಯವ್ವ ಬಾಯಿಗೆ ಸೆರಗು ಹಿಡಿದಳು. ಆಗ ನನ್ನ ತಲೆಯಲ್ಲಿ ಏನೇನು ಓಡಿತು ಎಂದು ಬರೆದರೆ ಈ ಹಾಳೆ ಸಾಲದು. ಮಗಳು ಪೊಲೀಸು, ಅಪ್ಪ ಹಿತ್ತಲಲ್ಲಿ ಕಳ್ಳಬಟ್ಟಿಯವನು. ನಿನ್ನ ಚಾರಿತ್ರ್ಯ ವಿಚಾರಿಸಲು ಹೋದ ವರ್ಷ ಸ್ಟೇಷನ್ನಿನವರು ಬಂದು ಚಹಾ ಕುಡಿದು ಹೋಗಿದ್ದರಲ್ಲ, ಅವರೇ ಮತ್ತೆ ಬಂದಂತೆ, ಈ ಸಲ ಚಹಾ ಬೇಡ ಅಂದಂತೆ, ನಿನ್ನ ಮೈಮೇಲಿನ ಖಾಕಿ ಬಿಚ್ಚಿಸಿದಂತೆ, ಎಲ್ಲ ಕಣ್ಣ ಮುಂದೆ ಬಂತು. ಪಾತೇಲಿಯನ್ನು ಕೂಸಿನ ಹಾಗೆ ಸೊಂಟಕ್ಕೆ ಎತ್ತಿಕೊಂಡು, ಮನೆಯೊಳಗಿನಿಂದಲೇ ಓಡಿ, ಒಳಗೆ ನೋಡದೆ ಮುಚ್ಚಳ ಕಿತ್ತು, ಮುಂದಿನ ಗಟಾರದ ಮೇಲೆ ಬೋರಲು ಹಾಕಿದೆ.

ಏನೂ ಬೀಳಲಿಲ್ಲ. ಅಲುಗಾಡಿಸಿದೆ. ಬೀಳಲಿಲ್ಲ. ಸೆರೆಯಾದರೆ ಹರಿಯಬೇಕಲ್ಲ ಎಂದು ಬುದ್ಧಿ ಹೇಳುತ್ತಿತ್ತು, ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಷ್ಟರಲ್ಲಿ ನಿಮ್ಮಪ್ಪ ಕೈಯಲ್ಲಿ ಒಂದು ಸಣ್ಣ ಪುಡಿಕೆ ಹಿಡಿದುಕೊಂಡು ಓಣಿಯಲ್ಲಿ ಬಂದರು. ಮದುವೆಯಾದಂದಿನಿಂದ ಅವರಿಗೆ 'ರೀ' ಎಂದ ಬಾಯಿ ನನ್ನದು. ಅಂದು ಓಣಿಯೆಲ್ಲ ಕೇಳುವಂತೆ, "ನಿನ್ನ ಮಗಳು ಸುದ್ದಾ ನೀ ಬರಬ್ಯಾಡ ಅಂದಾಳ! ಕೇಳಿದೇನು? ಬರಬ್ಯಾಡ ಅಂದಾಳ!" ಎಂದು ಕೂಗಿದೆ. ಆ ಮಾತು ನನ್ನ ಬಾಯಿಂದ ಬಿದ್ದದ್ದಕ್ಕೂ ಪಾತೇಲಿಯಿಂದ ಅದು ಧಪ್ಪನೆ ಬಿದ್ದದ್ದಕ್ಕೂ ಸರಿಹೋಯಿತು. ನೋಡಿದರೆ ಹಿಟ್ಟು. ಮೈದಾ ಹಿಟ್ಟು. ಬೆಳ್ಳಗೆ, ಮೆತ್ತಗೆ, ತುಂಬಿದ ಹೊಟ್ಟೆಯ ಹಾಗೆ ಉಬ್ಬಿದ ಹಿಟ್ಟು. ಬಾಯವ್ವ ಬಗ್ಗಿ ನೋಡಿ, "ಅಯ್ಯ, ಇದೇನ ಸೆರೀನೂ ಅಲ್ಲ, ರೊಟ್ಟೀನೂ ಅಲ್ಲ!" ಎಂದಳು. ನಿಮ್ಮಪ್ಪ ಬೈಯಲಿಲ್ಲ ಪ್ರಜ್ಞಾ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಗಟಾರದ ಅಂಚಿಗೆ ಕುಕ್ಕರುಗಾಲಲ್ಲಿ ಕುಳಿತು ಆ ಹಿಟ್ಟನ್ನು ನೋಡುತ್ತ, "ಏರಿತ್ತು ಪದ್ಮಾ. ಇವತ್ತ ಬರೋಬರಿ ಏರಿತ್ತು" ಎಂದರು. ಕೈಯಲ್ಲಿದ್ದದ್ದು ಏಲಕ್ಕಿ ಪುಡಿಕೆ.

ಇದಕ್ಕೆಲ್ಲ ಮೂಲ ಯಾವುದು ಗೊತ್ತೇನು? ನೀನೇ. ಕ್ರಿಸ್‌ಮಸ್ ಹೊತ್ತಿಗೆ ನಿನ್ನ ಪಕ್ಕದ ಕಾಟಿನ ಮೀನಾಳಿಗೆ ಹಿಮಾಚಲದಿಂದ ಮನೆಯ ಪಾರ್ಸಲ್ ಬಂತು, ಅದರಲ್ಲಿ ಅಕ್ರೋಡ ಅರೆದು ತುಂಬಿ ಸುರುಳಿ ಸುತ್ತಿ ಸುಟ್ಟ ಸಿಹಿ ಬ್ರೆಡ್ ಇತ್ತು ಎಂದು ಹೇಳಿದ್ದೆ. "ನಮ್ಮ ಶೇಂಗಾ ಹೋಳಿಗಿ ಇದ್ದಂಗ ಐತವಾ, ಆದ್ರ ಬನ್ನಿನಂಗ ಮೆತ್ತಗ. ಪರೇಡ್ ದಿನ ಎಲ್ಲಾರ ಮನ್ಯಾಗಿಂದ ಏನರೆ ತರತಾರ. ಅಂಥಾದ್ದ ನಮ್ಮ ಮನ್ಯಾಗ ಯಾರ ಮಾಡತಾರ ಬಿಡು" ಎಂದು ನಕ್ಕೆ. ನೀನು ನಕ್ಕು ಮರೆತೆ, ನಾನು ಕೇಳಿ ಮರೆತೆ. ಸ್ಪೀಕರಿನಲ್ಲಿ ಕೇಳುತ್ತ ಮೂಲೆಯಲ್ಲಿ ಕುಳಿತವರು ಮರೆಯಲಿಲ್ಲ. ಬಾಳುವಿನಿಂದ ಈಸ್ಟ್ ಪಾಕೀಟು ತಂದರಂತೆ. ಅದನ್ನು ಹಾಕಿದರೆ ಹಿಟ್ಟು ಉಸಿರಾಡುತ್ತದಂತೆ, ಹುಳಿ ವಾಸನೆ ಅದರದೇ. ಬಾಯಲ್ಲಿ ಬಂದದ್ದು ಹಸಿ ಹಿಟ್ಟು ಚೂರು ನೆಕ್ಕಿ ನೋಡಿದ ವಾಸನೆ. ಮೊದಲು ಮಾಡಿದವು ಇಟ್ಟಂಗಿಯಾದವಂತೆ, ಪೇಂಟ್ ಡಬ್ಬಿಯ ಹಿಂದೆ ಮುಚ್ಚಿ ಇಟ್ಟಿದ್ದರು, ತೋರಿಸಿದರು. ಹೆಗ್ಗಣ ಸುದ್ದಾ ಮುಟ್ಟಿರಲಿಲ್ಲ. "ನನಗ್ಯಾಕ ಹೇಳಲಿಲ್ಲ?" ಎಂದು ಕೇಳಿದೆ. "ನಾ ಹೇಳಿದ್ದನ್ನ ನೀವು ಯಾರ ನಂಬತೀರಿ. ಮಾಡಿ ಕೈಯಾಗ ಇಟ್ಟ ಮ್ಯಾಲ ಹೇಳೂಣಂತ ಮಾಡಿದ್ನಿ" ಎಂದರು. ಕುಡಿದು ಬಂದು ಹೊಡೆದಾಗಲೂ ನಾನು ಅಷ್ಟು ಬೆಚ್ಚಿರಲಿಲ್ಲ. ಬಿಸಿಲಿಗೆ ಆ ಹಿಟ್ಟು ಗಟಾರದಲ್ಲಿ ಕೂಡ ಸುಮ್ಮನಿರದೆ ಏರುತ್ತಲೇ ಇತ್ತು. ಓಣಿಯ ನಾಯಿಗಳು ಸುತ್ತ ನಿಂತು ಅದಕ್ಕೆ ಬೊಗಳುತ್ತಿದ್ದವು. ನಾನು ಒಳಗೆ ಹೋದರೂ ಅದು ನನ್ನ ಕಣ್ಣ ಮುಂದೆ ಏರುತ್ತಿತ್ತು.

ಅಂದು ಅವರು ಉಣ್ಣಲಿಲ್ಲ. ಮಂಗಳವಾರ ಮುಂಜಾನೆ ನಾನೇ ಮೈದಾ ತಂದು, ಉಳಿದಿದ್ದ ಪಾಕೀಟು ಬೆಚ್ಚಗಿನ ಹಾಲಿಗೆ ಹಾಕಿ ನಾದಲು ಕುಳಿತೆ. ಅವರು ಹೊಸ್ತಿಲ ಮೇಲೆ ಬೆನ್ನು ತಿರುಗಿಸಿ ಕುಳಿತಿದ್ದರು. ನಾನು ಹೋಳಿಗೆಯ ಕಣಕ ಬಡಿದ ಹಾಗೆ ಬಡಿಯುವ ಸಪ್ಪಳ ಕೇಳಿ, "ಹಂಗ ಹೊಡೀಬ್ಯಾಡ ಅದನ್ನ, ಸಾಯತೈತಿ" ಎಂದರು. ನಾನು ಬೇಕೆಂದೇ ಮತ್ತೊಂದು ಏಟು ಹಾಕಿದೆ. ತಡೆಯಲಾಗದೆ ಎದ್ದು ಬಂದು ಹಿಟ್ಟು ನಾದುವ ಪರಾತ ಕಸಿದುಕೊಂಡರು. ಅಷ್ಟೇ ನನಗೆ ಬೇಕಾಗಿತ್ತು. ಶೇಂಗಾ ಹುರಿದು ಸಿಪ್ಪೆ ತೆಗೆದು ನಾನು ಕುಟ್ಟಿದೆ. ಬೆಲ್ಲ, ಗಸಗಸೆ, ಏಲಕ್ಕಿ, ಮೇಲೆ ಒಂದಿಷ್ಟು ಅಕ್ರೋಡ, ನಿನ್ನ ಮೀನಾಳ ಮರ್ಯಾದೆಗೆ. ಹಿಟ್ಟಿನ ಮೇಲೆ ನಿನ್ನ ಕೌದಿ ಮತ್ತೆ ನಾನೇ ಹೊದಿಸಿದೆ. ಏರಿದ ಮೇಲೆ ಒಗೆದ ಧೋತರದ ಮೇಲೆ ಅದನ್ನು ಹಾಳೆಯಂತೆ ಲಟ್ಟಿಸಿ, ಹೂರಣ ಹರವಿ, ಧೋತರದ ಅಂಚು ಎತ್ತುತ್ತ ಹೋದರೆ ಅದು ತಾನೇ ಚಾಪೆಯಂತೆ ಸುತ್ತಿಕೊಳ್ಳುತ್ತದೆ! ಒಂದು ಅಂಚು ಅವರು, ಒಂದು ಅಂಚು ನಾನು. ನಮ್ಮ ಮನೆಯಲ್ಲಿ ಬೇಕರಿಯ ಭಟ್ಟಿ ಎಲ್ಲಿಂದ ಬರಬೇಕು. ದೊಡ್ಡ ಬೋಗುಣಿಯಲ್ಲಿ ತೊಳೆದು ಸಾಣಿಸಿದ ಉಸುಕು ಕಾಯಿಸಿ, ಅದರಲ್ಲಿ ಡಬ್ಬಿ ಇಟ್ಟು, ಮುಚ್ಚಳದ ಮೇಲೆ ಕೆಂಡ ಹಾಕಿದರು. ಸಿಲಿಂಡರ್ ಸಿಡಿಯುತ್ತದೋ, ಬೋಗುಣಿ ಸೀಳುತ್ತದೋ ಎಂದು ನಾನು ಬಾಗಿಲಾಚೆ ನಿಂತಿದ್ದೆ. ಸಿಡಿಯಲಿಲ್ಲ. ಓಣಿಯೆಲ್ಲ ಹರಡಿದ ಆ ಘಮಕ್ಕೆ ಬಾಯವ್ವ ತಾಟು ಹಿಡಿದುಕೊಂಡೇ ಬಂದಳು. ಕೊಯ್ದರೆ ಒಳಗೆ ಸುರುಳಿ ಸುರುಳಿ, ಬಸವನ ಹುಳುವಿನ ಬೆನ್ನಿನ ಹಾಗೆ. ಪೇಂಟ್ ಹಚ್ಚುವ ಆ ಒರಟು ಕೈಯಿಂದ ಇಂಥದ್ದು ಬಂತೇ ಎಂದು ನಾನು ತುಂಡು ಕೈಯಲ್ಲಿ ಹಿಡಿದುಕೊಂಡು ಕುಳಿತೇಬಿಟ್ಟೆ. ಬಾಯವ್ವ ಬಾಯಿ ತುಂಬ ಇಟ್ಟುಕೊಂಡು, "ನೀಲಪ್ಪಾ, ಇವತ್ತ ಪಾಸ ನೋಡ್ಪಾ" ಎಂದಳು. ಅವರು ನಗಲಿಲ್ಲ.

ನಗದೇ ಇದ್ದದ್ದಕ್ಕೆ ಕಾರಣ ನಿನಗೆ ಗೊತ್ತಾಗಬೇಕು. ಇನ್ನೊಂದು ಸುರುಳಿಯನ್ನು ಸ್ಟೀಲ್ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಟ್ಟರು. ಇಟ್ಟು, "ಡಬ್ಬಿ ನೀ ಒಯ್ಯಿ. ನಾ ಬರಂಗಿಲ್ಲ" ಎಂದರು. ನಾನು ಕೈ ಮುಗಿದೆ. ನನ್ನದೇ ತಪ್ಪು, ನಾನು ಹೇಳಿದ್ದನ್ನು ವಾಪಸು ತಗೊಂಡೇನಿ ಎಂದೆ. "ನೀ ಹೇಳಿದ್ದನ್ನ ನೀ ವಾಪಸ ತಗೋಬಹುದು ಪದ್ಮಾ. ಆಕಿ ಹೇಳಿದ್ದನ್ನ ನೀ ಹೆಂಗ ತಗೋತಿ?" ಎಂದರು. ನಾಳೆ ಬೆಳಗಾವಿಯಿಂದ ರೈಲು. ಇಬ್ಬರದೂ ಟಿಕೀಟು ದೀಪಾವಳಿಯಿಂದಲೇ ಬುದ್ಧನ ಫೋಟೋದ ಹಿಂದೆ ಸಿಕ್ಕಿಸಿಟ್ಟಿದೆ. ಅವರ ಬಿಳಿ ಅಂಗಿ ಇಸ್ತ್ರಿ ಮಾಡಿ ಗೂಟಕ್ಕೆ ಹಾಕಿದ್ದೇನೆ. ಅದನ್ನು ನೋಡುತ್ತಾರೆ, ಮುಖ ತಿರುಗಿಸುತ್ತಾರೆ. ಬರುತ್ತಾರೋ ಇಲ್ಲವೋ ಇದನ್ನು ಬರೆಯುವ ಈ ಹೊತ್ತಿನವರೆಗೆ ನನಗೆ ಗೊತ್ತಿಲ್ಲ.

ಮೀನಾಳಿಗೂ ಅವಳ ತಾಯಿಗೂ ನನ್ನ ಜೈಭೀಮ ಹೇಳು. ಪರೇಡಿನಲ್ಲಿ ಕಾಲು ಗಟ್ಟಿಯಾಗಿ ಹಾಕು, ಆದರೆ ಗುಳ್ಳೆಯ ಕಾಲು ಅಷ್ಟು ಗಟ್ಟಿಯಾಗಿ ಹಾಕಬೇಡ. ನಿನ್ನ ಹೆಗಲು ನೋಯದಿರಲಿ, ನಿನ್ನ ಹೊಟ್ಟೆ ತಣ್ಣಗಿರಲಿ, ಬುದ್ಧ ಬಾಬಾಸಾಹೇಬರ ಬೆಳಕು ನಿನ್ನ ದಾರಿಗೆ ಇರಲಿ.

ಇಂತಿ ನಿನ್ನ ಅವ್ವ,
ಪದ್ಮವ್ವ

ತಾ.ಕ.: ಶುಕ್ರವಾರ ಸಂಜೆ. ನಿಮ್ಮ ಗೇಟಿನ ಹೊರಗೆ ಮೊಣಕಾಲ ಮೇಲೆ ಹಾಳೆ ಇಟ್ಟು ಬರೆಯುತ್ತಿದ್ದೇನೆ, ಗೇಟಿನ ಲೇಡಿ ಪೊಲೀಸ್ ಅವಸರ ಮಾಡುತ್ತಿದ್ದಾಳೆ. ನಿಮ್ಮಪ್ಪ ಬಂದಿದ್ದಾರೆ. "ಡಬ್ಬಿ ನೀ ಸೊಟ್ಟ ಹಿಡೀತಿ, ಪುಡಿ ಆಗತೈತಿ" ಎಂದು ನೆಪ ಹೇಳಿ ರೈಲು ಹತ್ತಿದರು, ಎರಡು ದಿನ ತೊಡೆಯ ಮೇಲಿನಿಂದ ಡಬ್ಬಿ ಇಳಿಸಲಿಲ್ಲ. ಈಗ ಎಲ್ಲರ ಅಪ್ಪಂದಿರೂ ಒಳಗೆ ಹೋಗುತ್ತಿದ್ದಾರೆ, ಇವರು ರಸ್ತೆಯ ಆಚೆ ನಿಂತಿದ್ದಾರೆ. ಕೈ ಹಿಡಿದು ಎಳೆದರೂ ಬರಲಿಲ್ಲ. "ಬ್ಯಾಡಂದಾಕಿನ ಬಾ ಅನಬೇಕು" ಎನ್ನುತ್ತಾರೆ. ಈ ಚೀಟಿಯ ಸಂಗಡ ಒಂದು ತುಂಡು ಕಳಿಸಿದ್ದೇನೆ, ತಿನ್ನುತ್ತ ಕೂಡ್ರಬೇಡ, ಬಾಯಲ್ಲಿ ಹಾಕಿಕೊಂಡೇ ಗೇಟಿಗೆ ಓಡಿ ಬಾ. ಬಿಳಿ ಅಂಗಿ ಹಾಕಿದ್ದಾರೆ, ಗುರುತು ಸಿಗುತ್ತದೆ. ಒಂದು ಕೈಯಲ್ಲಿ ಡಬ್ಬಿ ಹಿಡಿದುಕೊಂಡು, ಇನ್ನೊಂದು ಅಂಗೈಗೆ "ಹಾ" ಎಂದು ಉಸಿರು ಬಿಟ್ಟು, ಆಗಾಗ ತಾವೇ ಮೂಸಿ ನೋಡಿಕೊಳ್ಳುತ್ತಿದ್ದಾರೆ.